ಲೂಪಿನಲ್ಲಿ ನಿಂತ ಗೂಡ್ಸು

(ಬೆಂಗಳೂರಿನ ಒಂದು ಮನೆ. ಮಹಡಿಯ ಮೇಲೆ ಹನ್ನೆರಡು ಅಡಿಗೆ ಹತ್ತು ಅಡಿಯ ಕೋಣೆ. ನಾಲ್ಕು ಗೋಡೆಯನ್ನೂ ಬಳಸಿ ಎದೆಮಟ್ಟದಲ್ಲಿ ಪ್ಲೈವುಡ್ ಹಲಗೆ, ಬಾಗಿಲ ಬಳಿ ಎತ್ತಿಡಬಹುದಾದ ಒಂದು ತುಂಡು. ಹಲಗೆಯ ಮೇಲೆ ಸಕಲೇಶಪುರದ ಆಚೆಯ ಘಾಟಿಯ ಹಾಗೆ ಕಾಣುವ ಒಂದು ಬೆಟ್ಟ, ಸುರಂಗ, ಒಂದು ಸಣ್ಣ ಸ್ಟೇಷನ್ನು. ಕಟ್ಟಿದವಳು ಸಾಫ್ಟ್‌ವೇರ್ ಕೆಲಸದವಳು. ನೋಡಲು ಬಂದವರು ಅವಳ ಚಿಕ್ಕಪ್ಪ, ನಿವೃತ್ತ ಸ್ಟೇಷನ್ ಮಾಸ್ಟರ್.)

ಚಿಕ್ಕಪ್ಪ: ಸುತ್ತು ಹಾಕಿದ್ದು ನೋಡಿದ್ದಾಯ್ತು. ಈ ಗಾಡಿ ಹೊರಟಿದ್ದು ಯಾವ ಸ್ಟೇಷನ್ನಿಂದ, ಸೇರೋದು ಎಲ್ಲಿಗೆ?

ಮಗಳು: ಸದ್ಯಕ್ಕೆ ಎಲ್ಲಿಗೂ ಇಲ್ಲ ಚಿಕ್ಕಪ್ಪ. ಹಳಿ ಸರಿಯಾಗಿ ಕೂತಿದೆಯಾ ಅಂತ ಓಡಿಸಿ ನೋಡ್ತಿದೀನಿ. ಮೊದಲು ಕಟ್ಟೋದು ಮುಗೀಲಿ.

ಚಿಕ್ಕಪ್ಪ: ಕಟ್ಟೋದೇನೋ ಚೆನ್ನಾಗೇ ಕಟ್ಟಿದೀಯ. ಬಾಗಿಲಲ್ಲಿ ನಿಂತಾಗಲೇ ನನ್ನ ಕಣ್ಣಿಗೆ ಬಿದ್ದಿದ್ದು ಗೇಜು. ಅಂಗಡಿಗಳಲ್ಲಿ ನೋಡಿದ ನಮ್ಮ ಇಂಜಿನ್ನುಗಳೆಲ್ಲ ಸೊಂಟದ ಮೇಲೆ ದಪ್ಪ, ಕೆಳಗೆ ಸಣಕಲು ಅನ್ನಿಸ್ತಿತ್ತು. ಇದು ಹಾಗಿಲ್ಲ. ಮೀಟರ್‌ಗೇಜು ಮೀಟರ್‌ಗೇಜಿನ ಹಾಗೇ ಕಾಣುತ್ತೆ.

ಮಗಳು: ಅದಕ್ಕೇ ಮೀಟರ್‌ಗೇಜ್ ಆರಿಸಿದ್ದು. ಈ ಹವ್ಯಾಸದಲ್ಲಿ ಹೆಚ್ಚು ಜನ ಬಳಸೋ ಅಳತೆ ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು. ಅದರ ಹಳಿಯ ಅಗಲ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ ಬರೋದು 1435, ಯುರೋಪಿನ, ಅಮೆರಿಕದ ಗೇಜು. ನಮ್ಮ ಬ್ರಾಡ್‌ಗೇಜು 1676. ಅದಕ್ಕೆ ಹತ್ತೊಂಬತ್ತು ಮಿಲಿಮೀಟರಿಗೂ ಸ್ವಲ್ಪ ಮೇಲೆ ಬೇಕು. ಅಂಥ ಹಳಿ ಕೈಯಲ್ಲೇ ಮಾಡಿಕೋಬೇಕು, ಅಷ್ಟು ತಾಳ್ಮೆ ಎಲ್ಲರಿಗೂ ಇರಲ್ಲ. ಹಾಗಾಗಿ ಬ್ರಾಡ್‌ಗೇಜ್ ಇಂಜಿನ್ನನ್ನು 16.5ರ ಮೇಲೇ ನಿಲ್ಲಿಸಿ ಸುಮ್ಮನಾಗ್ತಾರೆ.

ಚಿಕ್ಕಪ್ಪ: 1435 ಅಂದ್ರೆ ನಮ್ಮ ಮೆಟ್ರೋ ಗೇಜಲ್ವೇನಮ್ಮ? ಗೂಡ್ಸ್ ಇಂಜಿನ್ನನ್ನ ತಂದು ಮೆಜೆಸ್ಟಿಕ್ಕಿನ ಮೆಟ್ರೋ ಹಳಿಗೆ ಹತ್ತಿಸಿದ ಹಾಗಾಯ್ತು.

ಮಗಳು: ಹಾಗೇ. ಮೀಟರ್‌ಗೇಜಿಗೆ ಬೇಕಾದ್ದು ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಲ್ಲಿ ಮೀಟರ್‌ಗೇಜಿನವು ಎಷ್ಟೋ ಇವೆ. ಅವುಗಳ ಮಾದರಿಗೆ ಅಂತ 12 ಮಿಲಿಮೀಟರ್ ಹಳಿ ತಯಾರಾಗುತ್ತೆ. ಹಳಿ ಆ ಕಡೆಯದು, ವೈಡಿಎಂ-4 ಇಂಜಿನ್ನಿನ ಮೈ ತ್ರೀಡಿ ಪ್ರಿಂಟರಿನದು, ಮಣ್ಣು ಮಾತ್ರ ಸಕಲೇಶಪುರದ್ದು. ಜರಡಿ ಹಿಡಿದು, ಒಲೆ ಮೇಲೆ ಹುರಿದು, ಮೇಲಿಂದ ಆಯಸ್ಕಾಂತ ಆಡಿಸಿ ಆಮೇಲೆ ಫೆವಿಕಾಲ್ ನೀರಲ್ಲಿ ಅಂಟಿಸಿದ್ದು. ಆಯಸ್ಕಾಂತ ಆಡಿಸದೇ ಇದ್ರೆ ಆ ಕೆಂಪು ಮಣ್ಣಿನ ಕಬ್ಬಿಣದ ಪುಡಿ ಇಂಜಿನ್ನಿನ ಮೋಟರೊಳಗೆ ಸೇರಿಕೊಳ್ಳುತ್ತೆ.

ಚಿಕ್ಕಪ್ಪ: ಅಂದ್ರೆ ಇದು 1979ರಲ್ಲಿ ಹಾಸನ–ಮಂಗಳೂರು ಲೈನು ಮುಗಿದ ಮೇಲೆ, ಬ್ರಾಡ್‌ಗೇಜ್ ಆಗೋಕೆ ಮುಂಚಿನ ಕಾಲ. ಒಳ್ಳೇ ಕಾಲ. ಈಗ ನಿನ್ನ ಸ್ಟೇಷನ್ನಿಗೆ ಬಾ. ಗಾಡಿ ಪಕ್ಕಕ್ಕೆ ಸರಿದು ನಿಲ್ಲೋ ಈ ಲೂಪಿನಲ್ಲಿ ಎಷ್ಟು ವ್ಯಾಗನ್ ಹಿಡಿಯುತ್ತೆ?

ಮಗಳು: ಎಂಟು.

ಚಿಕ್ಕಪ್ಪ: ಹೇಗೆ ಅಳೆದೆ?

ಮಗಳು: ಈ ಪಾಯಿಂಟಿನಿಂದ ಆ ಪಾಯಿಂಟಿಗೆ.

ಚಿಕ್ಕಪ್ಪ: ಲೂಪನ್ನ ಹಾಗೆ ಅಳೆಯಲ್ಲ ಕಣಮ್ಮ. ಎರಡು ಹಳಿ ಪಾಯಿಂಟಿನಿಂದ ಕವಲೊಡೆದು ದೂರ ಆಗ್ತಾ ಹೋಗ್ತವಲ್ಲ, ಪಕ್ಕದ ಲೈನಿನ ಗಾಡಿಗೆ ತಗುಲದಷ್ಟು ದೂರ ಆದ ಕಡೆ ಒಂದು ಗುರುತು ಇರುತ್ತೆ. ಅದು ಫೌಲಿಂಗ್ ಮಾರ್ಕು. ಈ ತುದಿಯ ಫೌಲಿಂಗ್ ಮಾರ್ಕಿನಿಂದ ಆ ತುದಿಯ ಫೌಲಿಂಗ್ ಮಾರ್ಕಿನವರೆಗೆ ಎಷ್ಟೋ ಅಷ್ಟೇ ನಿನ್ನ ಲೂಪು. ಆ ವ್ಯಾಗನ್ ಇಲ್ಲಿಟ್ಟು ಪಕ್ಕದಲ್ಲಿ ಬೋಗಿ ತಳ್ಳು ನೋಡೋಣ… ತಗುಲ್ತಾ? ಹಿಂದಕ್ಕೆ ತಗೋ. ಇನ್ನೂ. ಹಾಂ. ಇಂಜಿನ್ನು, ಬ್ರೇಕ್ ವ್ಯಾನು ಬಿಟ್ಟರೆ ಆರು ವ್ಯಾಗನ್ನು. ಆ ಗುರುತಿಗೆ ಬಿಳೀ ಬಣ್ಣ ಹಚ್ಚು.

ಮಗಳು: ಆರು ವ್ಯಾಗನ್ನಿನ ಗೂಡ್ಸನ್ನ ನೋಡಿ ನೀವು ನಗ್ತೀರ ಅಂದುಕೊಂಡಿದ್ದೆ. ಈಗಿನ ಬ್ರಾಡ್‌ಗೇಜಿನ ವಾಡಿಕೆಯ ಲೂಪು 686 ಮೀಟರ್ ಅಂತಾರೆ. ಅದನ್ನ ನನ್ನ ಅಳತೆಗೆ ಇಳಿಸಿದರೂ ಸುಮಾರು 7.9 ಮೀಟರ್, ಅಂದರೆ ಇಪ್ಪತ್ತಾರು ಅಡಿ. ಕೋಣೆಯ ಗೋಡೆ ಒಡೆದು ಪಕ್ಕದ ಮನೆಗೆ ಹೋಗಬೇಕು. ತಿರುವಿನ ಕಥೆಯೂ ಅದೇ. ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವು ಅಂದ್ರೆ 10 ಡಿಗ್ರಿ, ತ್ರಿಜ್ಯ 175 ಮೀಟರ್. ಮಾದರಿಯಲ್ಲಿ ಅದಕ್ಕೇ ಎರಡು ಮೀಟರ್ ತ್ರಿಜ್ಯ ಆಗುತ್ತೆ. ಅಂಗಡಿಯ ಆಟದ ಸೆಟ್ಟುಗಳಲ್ಲಿ ಕೊಡೋದು ಅರ್ಧ ಮೀಟರಿಗೂ ಕಡಿಮೆ.

ಚಿಕ್ಕಪ್ಪ: ಸಣ್ಣದಾಗಿದ್ರೆ ನಗೋದೇನಿದೆ? ಗಾಡಿ ಉದ್ದ, ಲೂಪು ಗಿಡ್ಡ ಅನ್ನೋ ತಾಪತ್ರಯ ನಿಜವಾದ ರೈಲಿನಲ್ಲೂ ಇದೆ. ಆರು ಅಂದ್ರೆ ಆರು. ಆದರೆ ಆ ಆರಕ್ಕೆ ನಿಯತ್ತಾಗಿರಬೇಕು. ನನಗೆ ಅನುಮಾನ ಬೇರೆ ಕಡೆ. ದೂರವನ್ನ 87 ಪಾಲು ಮಾಡಿದೆ ಸರಿ, ಹೊತ್ತನ್ನ ಏನು ಮಾಡಿದೀಯ?

ಮಗಳು: ಎಲ್ಲರೂ ಎಡವೋದು ಅಲ್ಲೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್ ಘಾಟಿ. ಅಳತೆಗೆ ಇಳಿಸಿದರೂ 630 ಮೀಟರ್ ಹಳಿ ಬೇಕು. ಗಂಟೆಗೆ 30 ಕಿಲೋಮೀಟರ್ ವೇಗ ಅಂದ್ರೆ ನನ್ನ ಹಳಿ ಮೇಲೆ ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಅಷ್ಟೂ ಹಳಿ ಹಾಸಿದೆ ಅಂತಲೇ ಇಟ್ಕೊಳ್ಳಿ, ಆಗಲೂ ಇಳಿಯೋಕೆ ಹೆಚ್ಚು ಕಡಿಮೆ ಎರಡು ಗಂಟೆ ಹಿಡಿಯುತ್ತೆ, ನಿಜವಾದ ಗಾಡಿಗೆ ಹಿಡಿಯೋಷ್ಟೇ. ನಿಮಿಷ ಕುಗ್ಗೋದಿಲ್ಲ. ನನ್ನ ಹತ್ತಿರ ಸ್ಟೇಷನ್ನಿಂದ ಆಚೆಗೆ ಇರೋದು ಐದು ಮೀಟರ್ ಹಳಿ, ಒಂದು ನಿಮಿಷದೊಳಗೆ ಮುಗಿದುಹೋಗುತ್ತೆ. ಅದಕ್ಕೆ ಗಡಿಯಾರವನ್ನ ಆರು ಪಟ್ಟು ಜೋರಾಗಿ ಓಡಿಸ್ತಾರೆ. ಗೋಡೆ ಮೇಲಿದೆ ನೋಡಿ, ಅದರ ಒಂದು ಗಂಟೆ ಅಂದ್ರೆ ನಮ್ಮ ಹತ್ತು ನಿಮಿಷ.

ಚಿಕ್ಕಪ್ಪ: ಆಗಲೂ ಲೆಕ್ಕ ಕೂಡಲ್ಲ. ಎರಡು ಸ್ಟೇಷನ್ನಿನ ನಡುವಿನ ಹತ್ತು ಕಿಲೋಮೀಟರ್ ಸೆಕ್ಷನ್ನಿಗೆ ಘಾಟಿಯಲ್ಲಿ ಇಪ್ಪತ್ತು ನಿಮಿಷ. ನಿನ್ನ ಗಡಿಯಾರದಲ್ಲಿ ಅದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಗಾಡಿ ಒಂದೇ ನಿಮಿಷಕ್ಕೆ ಬಂದು ನಿಂತರೆ ಮಿಕ್ಕಿದ್ದು?

ಮಗಳು: ಸುರಂಗ. ಆ ಘಾಟಿಯಲ್ಲಿ 57 ಸುರಂಗ ಇವೆ, ನನ್ನ ಬೆಟ್ಟದಲ್ಲಿ ಎರಡಿದ್ದರೆ ಯಾರೂ ಬೇಡ ಅನ್ನಲ್ಲ. ಗಾಡಿ ಒಳಗೆ ಹೋಗುತ್ತೆ, ಮರೆಯಲ್ಲಿ ನಿಲ್ಲುತ್ತೆ, ಹೊತ್ತಾದ ಮೇಲೆ ಈಚೆ ಬರುತ್ತೆ. ಬೆಟ್ಟದ ಹಿಂದೆ ನಾಲ್ಕು ಲೈನಿನ ಒಂದು ಯಾರ್ಡಿದೆ. ಎಡಕ್ಕೆ ಹೋದರೆ ಅದು ಸಕಲೇಶಪುರ, ಬಲಕ್ಕೆ ಹೋದರೆ ಅದೇ ಸುಬ್ರಹ್ಮಣ್ಯ ರೋಡು.

ಚಿಕ್ಕಪ್ಪ: ಕಂಪನಿ ನಾಟಕದಲ್ಲಿ ಸೈಡ್ ವಿಂಗ್ ಇದ್ದ ಹಾಗೆ.

ಮಗಳು: ಈ ಮಾತನ್ನ ಅಮೆರಿಕದಲ್ಲಿ ಫ್ರಾಂಕ್ ಎಲಿಸನ್ ಅನ್ನೋರು 1940ರ ದಶಕದಲ್ಲೇ ಹೇಳಿದ್ರು. ಡೆಲ್ಟಾ ಲೈನ್ಸ್ ಅಂತ ಅವರದೊಂದು ಲೇಔಟ್ ಇತ್ತು. ಹಳಿ ರಂಗಸ್ಥಳ, ಗಾಡಿಗಳು ಪಾತ್ರಧಾರಿಗಳು, ಟೈಂಟೇಬಲ್ಲೇ ನಾಟಕ ಅಂತ ಅವರ ವಾದ. ಅಲ್ಲೀವರೆಗೆ ಹೆಚ್ಚಿನವರಿಗೆ ಇದು ಇಂಜಿನ್ ಕಟ್ಟೋ ಕೈಕೆಲಸ, ಇಲ್ಲಾ ಕ್ರಿಸ್‌ಮಸ್ ಮರದ ಸುತ್ತ ಓಡೋ ಆಟಿಕೆ.

ಚಿಕ್ಕಪ್ಪ: ನಾಟಕ ಅನ್ನೋದು ಅರ್ಧ ಸರಿ. ನಾಟಕದಲ್ಲಿ ಪಾತ್ರ ರಂಗದ ಮೇಲೆ ಬಂದ ಮೇಲೆ ಸುಮ್ಮನೆ ನಿಲ್ಲಲ್ಲ. ರೈಲಿನಲ್ಲಿ ನಿಲ್ಲೋದೇ ಕೆಲಸ. ನಾನು ಸರ್ವೀಸಿನಲ್ಲಿ ಮಾಡಿದ್ದೇನು ಅಂತ ಯಾರಾದ್ರೂ ಕೇಳಿದ್ರೆ, ಗಾಡಿಗಳನ್ನ ಕಾಯಿಸಿದ್ದು ಅಂತೀನಿ. ಸಿಂಗಲ್ ಲೈನು. ಇತ್ತ ಒಂದು, ಅತ್ತ ಒಂದು. ಯಾರನ್ನ ಲೂಪಿಗೆ ಹಾಕಬೇಕು, ಯಾರನ್ನ ಮೇನ್‌ಲೈನಲ್ಲಿ ಬಿಡಬೇಕು. ಕಂಟ್ರೋಲರ್ ಒಂದು ಹೇಳ್ತಾನೆ, ಡ್ರೈವರ್ ಇನ್ನೊಂದು ಹೇಳ್ತಾನೆ. ಘಾಟಿಯ ನಡುವಿನ ಯಡಕುಮರಿಯಂಥ ಸ್ಟೇಷನ್ನಿಗೆ ರಸ್ತೆಯೂ ಇಲ್ಲ. ಮಳೆ, ಜಿಗಣೆ, ಕತ್ತಲು, ಲೂಪಿನಲ್ಲಿ ನಿಂತ ಗೂಡ್ಸು. ಗಾಡಿ ಸುಮ್ಮನೆ ಸುತ್ತುತಾ ಇದ್ರೆ ಅದು ಫ್ಯಾನು. ಇನ್ನೊಂದು ಗಾಡಿಗಾಗಿ ಕಾದರೆ ಆಗ ಅದು ರೈಲು.

ಮಗಳು: ಹ್ಯಾಂಬರ್ಗಿನಲ್ಲಿ ಮಿನಿಯಾಟುರ್ ವುಂಡರ್‌ಲಾಂಡ್ ಅಂತ ಒಂದು ಮಾದರಿ ರೈಲಿನ ಪ್ರದರ್ಶನ ಇದೆ, ಅವಳಿ ಅಣ್ಣತಮ್ಮಂದಿರು 2001ರಲ್ಲಿ ತೆರೆದದ್ದು. ಇದೇ 87ರ ಅಳತೆ, ವಿಮಾನ ಏರಿ ಇಳಿಯೋ ನಿಲ್ದಾಣ ಕೂಡ ಇದೆ. ಅಲ್ಲೂ ಗಾಡಿಗಳು ಕಾಯ್ತವೆ. ಆದರೆ ಕಾಯಿಸೋದು ಕಂಪ್ಯೂಟರು.

ಚಿಕ್ಕಪ್ಪ: ಹಾಗಾದ್ರೆ ಯಾರಿಗೂ ಬೇಜಾರಾಗಲ್ಲ, ಯಾರೂ ಬೈಸಿಕೊಳ್ಳಲ್ಲ.

ಮಗಳು: ನೋಡೋಕೆ ಬಂದವರಿಗೆ ಅದು ಬೇಕಾಗೂ ಇಲ್ಲ. ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಕಿರುರೈಲು ಮ್ಯೂಸಿಯಂ ಇದೆಯಲ್ಲ, 1998ರಲ್ಲಿ ಶುರುವಾದದ್ದು, ಅದೂ ಒಂದು ಪ್ರದರ್ಶನವೇ. ದೀಪ ಆರಿಸ್ತಾರೆ, ಊರು ಬೆಳಗುತ್ತೆ, ಗಾಡಿಗಳು ಬರ್ತವೆ. ಮಕ್ಕಳು ಬಾಯಿ ತೆರೆದು ನೋಡ್ತವೆ. ನಾನೂ ನೋಡಿದೆ. ಅದನ್ನ ಕೀಳು ಅಂತ ನಾನು ಹೇಳಲ್ಲ, ನೀವೂ ಹೇಳಬೇಡಿ.

ಚಿಕ್ಕಪ್ಪ: ಹೇಳ್ತಿಲ್ಲಮ್ಮ. ನನ್ನನ್ನ ಇಲ್ಲಿಗೆ ಕರೆದಿದ್ದು ನೋಡೋಕಾ, ಕೆಲಸಕ್ಕಾ ಅಂತ ಕೇಳ್ತಿದೀನಿ.

ಮಗಳು: ಕೆಲಸಕ್ಕೇ. ಇದನ್ನ ತಗೊಳ್ಳಿ. ಒಂದೊಂದು ವ್ಯಾಗನ್ನಿಗೂ ಒಂದೊಂದು ಕಾರ್ಡು. ಕಾರ್ಡಿಗೆ ಜೇಬಿದೆ, ಜೇಬಿನೊಳಗೆ ಚೀಟಿ: ಎಲ್ಲಿಂದ, ಎಲ್ಲಿಗೆ, ಏನು ಮಾಲು. ವ್ಯಾಗನ್ ಮುಟ್ಟಿದ ಮೇಲೆ ಚೀಟಿ ತಿರುಗಿಸಿ ಇಟ್ಟರೆ ಮುಂದಿನ ಪ್ರಯಾಣ. 1961ರಲ್ಲಿ ಡಗ್ ಸ್ಮಿತ್ ಅನ್ನೋರು ಒಂದು ಪತ್ರಿಕೆಯಲ್ಲಿ ಬರೆದ ಪದ್ಧತಿ, ಇವತ್ತಿಗೂ ಅಮೆರಿಕದ ನೆಲಮಾಳಿಗೆಗಳಲ್ಲಿ ಜನ ಇದನ್ನೇ ಹಿಡಿದುಕೊಂಡು ಓಡಾಡ್ತಾರೆ.

ಚಿಕ್ಕಪ್ಪ: ಇದು ನಮ್ಮ ವ್ಯಾಗನ್ ಲೇಬಲ್ಲು! ಪಕ್ಕದ ತಗಡಿನ ಚೌಕಟ್ಟಿಗೆ ಸಿಕ್ಕಿಸ್ತಿದ್ವಿ. ಮಳೆಗೆ ಶಾಯಿ ಕಲಸಿಹೋಗೋದು. ಆದರೆ ಒಂದು ಮಾತು, ನೀನು ಕಾಲ ಸರಿಯಾಗಿ ಆರಿಸಿದ್ದಕ್ಕೆ ಬಚಾವಾದೆ. ಈಗ ಒಂದೊಂದು ವ್ಯಾಗನ್ ಬುಕ್ ಮಾಡೋದು ಎಲ್ಲಿದೆ? ಪೂರ್ತಿ ರೇಕು. ಕಲ್ಲಿದ್ದಲು ಅಂದ್ರೆ ತಲೆಯಿಂದ ಬಾಲದವರೆಗೆ ಕಲ್ಲಿದ್ದಲು. ಹೊರಟ ಕಡೆಯಿಂದ ಮುಟ್ಟೋ ಕಡೆಗೆ ನೇರ. ಮಧ್ಯದ ಸ್ಟೇಷನ್ನಿಗೆ ಅದರಲ್ಲಿ ಬಾವುಟ ತೋರಿಸೋದು ಬಿಟ್ಟು ಬೇರೆ ಕೆಲಸವಿಲ್ಲ. ನಾನು ಕೆಲಸ ಕಲಿಯೋ ಕಾಲದಲ್ಲಿ ಎರಡು ವ್ಯಾಗನ್ ಗೊಬ್ಬರ ಬಂದ್ರೆ ಗೂಡ್ಸ್ ಶೆಡ್ಡಿನ ಸೈಡಿಂಗಿಗೆ ಹಾಕಿ, ಒಂದು ವ್ಯಾಗನ್ ನಾಟಾ ತೆಗೆದು ಗಾಡಿಗೆ ಸೇರಿಸಿ… ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ರೆ ವ್ಯಾಪಾರಿಗೆ ಡೆಮರೇಜ್. ಶಂಟಿಂಗ್ ಅನ್ನೋದು ತಲೆ ತಿನ್ನೋ ಕೆಲಸ.

ಮಗಳು: ಆ ತಲೆ ತಿನ್ನೋ ಕೆಲಸವನ್ನ ಇಂಗ್ಲೆಂಡಿನ ಆಲನ್ ರೈಟ್ ಒಂದು ಹಲಗೆ ಮೇಲೆ ಕೂರಿಸಿದ್ರು. ಇಂಗಲ್‌ನುಕ್ ಸೈಡಿಂಗ್ಸ್ ಅಂತ ಅದರ ಹೆಸರು. ಮೂರೇ ಸೈಡಿಂಗು. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತೆ, ಮಿಕ್ಕೆರಡರಲ್ಲಿ ಮೂರು ಮೂರು. ಒಟ್ಟು ಇರೋದು ಎಂಟು ವ್ಯಾಗನ್. ಚೀಟಿ ಎತ್ತಿ ಐದು ವ್ಯಾಗನ್ ಆರಿಸಿ, ಬಂದ ಕ್ರಮದಲ್ಲೇ ಗಾಡಿ ಕಟ್ಟಬೇಕು. ಎಷ್ಟು ಥರ ಬರಬಹುದು ಹೇಳಿ?

ಚಿಕ್ಕಪ್ಪ: ಎಂಟು, ಏಳು, ಆರು, ಐದು, ನಾಲ್ಕು ಗುಣಿಸು… 6720.

ಮಗಳು: ನಾಲ್ಕು ಅಡಿ ಹಲಗೆ ಮೇಲೆ. ಜಾಗವಿಲ್ಲ ಅಂತ ಕೈ ಚೆಲ್ಲೋ ಅಪಾರ್ಟ್‌ಮೆಂಟಿನವರಿಗೆ ನಾನು ಇದನ್ನೇ ಹೇಳೋದು. ಬೆಟ್ಟ, ಜಲಪಾತ ಯಾವುದೂ ಬೇಡ.

ಚಿಕ್ಕಪ್ಪ: ಸೈಡಿಂಗಿನಲ್ಲಿ ಆರನೇದಕ್ಕೆ ಜಾಗ ಇಲ್ಲ ಅನ್ನೋದರಲ್ಲೇ ಅದರ ಮಜಾ. ಇಪ್ಪತ್ತು ವ್ಯಾಗನ್ ಹಿಡಿಯೋ ಹಾಗಿದ್ರೆ ಯಾವ ದಡ್ಡನೂ ಮಾಡ್ತಾನೆ. ಈಗ ಹೇಳು, ನಿನ್ನ ಸೆಕ್ಷನ್ನಿಗೆ ಒಂದೇ ಹೊತ್ತಲ್ಲಿ ಎರಡು ಗಾಡಿ ನುಗ್ಗದ ಹಾಗೆ ಏನು ಕಟ್ಟುನಿಟ್ಟು ಮಾಡಿದೀಯ?

ಮಗಳು: ಸಾಫ್ಟ್‌ವೇರಿನಲ್ಲಿ ಬರೀಬಹುದು. ಡಿಸಿಸಿ ಹಾಕಿದೀನಲ್ಲ, ಹಳಿಯಲ್ಲಿ ಯಾವಾಗಲೂ ಕರೆಂಟಿರುತ್ತೆ, ಪ್ರತಿ ಇಂಜಿನ್ನಿನೊಳಗೂ ಒಂದು ಚಿಪ್ಪು, ತನ್ನ ನಂಬರಿಗೆ ಬಂದ ಅಪ್ಪಣೆಯನ್ನ ಮಾತ್ರ ಕೇಳುತ್ತೆ. ನಮ್ಮ ಕಸುಬಿನವರಿಗೂ ಇದಕ್ಕೂ ಹಳೇ ನಂಟು, ಗೊತ್ತಾ? ಎಂಐಟಿಯಲ್ಲಿ 1946ರಲ್ಲಿ ಒಂದು ಮಾದರಿ ರೈಲು ಕ್ಲಬ್ ಶುರುವಾಯ್ತು. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನ ತಂದು ಹಲಗೆಯ ಅಡಿಯಲ್ಲಿ ಕಟ್ಟಿ ಗಾಡಿ ಓಡಿಸ್ತಿದ್ದ ಹುಡುಗರೇ ಆಮೇಲೆ ರಾತ್ರಿಯೆಲ್ಲ ಕಂಪ್ಯೂಟರಿಗೆ ಅಂಟಿಕೊಂಡ್ರು. ಹ್ಯಾಕರ್‌ಗಳ ಚರಿತ್ರೆ ಬರೆದ ಸ್ಟೀವನ್ ಲೆವಿ ಶುರುಮಾಡೋದೇ ಆ ಕ್ಲಬ್ಬಿನಿಂದ.

ಚಿಕ್ಕಪ್ಪ: ಹಲಗೆಯ ಅಡಿ ಇರ್ಲಿ, ಮೇಲಿನದು ಕೇಳು. ಸಾಫ್ಟ್‌ವೇರ್ ತಡೆದರೆ ಡ್ರೈವರಿಗೆ ಗೊತ್ತಾಗೋದೇನು? ಗಾಡಿ ಮುಂದಕ್ಕೆ ಹೋಗ್ಲಿಲ್ಲ ಅಂತ, ಅಷ್ಟೇ. ಅವನ ಕೈಗೆ ಏನಾದ್ರೂ ಕೊಡಬೇಕು. ನಮ್ಮಲ್ಲಿ ನೀಲ್ಸ್ ಬಾಲ್ ಟೋಕನ್ ಇನ್ಸ್ಟ್ರುಮೆಂಟ್ ಇತ್ತು. ಉಕ್ಕಿನ ಚೆಂಡು. ಆ ಕಡೆ ಸ್ಟೇಷನ್ ಮಾಸ್ಟರ್ ಒಪ್ಪಿ ತನ್ನ ಇನ್ಸ್ಟ್ರುಮೆಂಟಿನಿಂದ ಬಿಟ್ಟುಕೊಟ್ಟರೆ ಮಾತ್ರ ಈ ಕಡೆ ಚೆಂಡು ಉರುಳಿ ಈಚೆ ಬರೋದು. ಒಂದು ಈಚೆ ಬಂತು ಅಂದ್ರೆ ಅದು ಎರಡರಲ್ಲೊಂದು ಇನ್ಸ್ಟ್ರುಮೆಂಟಿನೊಳಗೆ ಬೀಳೋ ತನಕ ಇನ್ನೊಂದು ಬರಲ್ಲ. ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡೋ ಗಾಡಿಯ ಡ್ರೈವರಿನ ತೋಳಿಗೆ ಸಿಗೋ ಹಾಗೆ ಹಿಡೀಬೇಕು. ಚೆಂಡಿಲ್ಲದೆ ಡ್ರೈವರ್ ಒಂದು ಹೆಜ್ಜೆ ಇಡಲ್ಲ.

ಮಗಳು: ಮಾಡಬಹುದು. ಸೈಕಲ್ ಬೇರಿಂಗಿನ ಗುಂಡು, ಎರಡೂ ಕಡೆ ಒಂದೊಂದು ಬಟ್ಟಲು, ಬಟ್ಟಲಿನಡಿ ಸಣ್ಣ ಸ್ವಿಚ್ಚು. ಗುಂಡು ಎತ್ತಿದರೆ ಮಾತ್ರ ಆ ಸೆಕ್ಷನ್ನಿಗೆ ಕರೆಂಟು. ಒಂದೇ ಗುಂಡು ಸಾಕಲ್ವಾ?

ಚಿಕ್ಕಪ್ಪ: ಸಾಲಲ್ಲ. ಒಂದೇ ಇದ್ರೆ ಇಲ್ಲಿಂದ ಹೋದ ಗಾಡಿ ಅದನ್ನ ಅಲ್ಲಿಗೆ ಒಯ್ಯುತ್ತೆ. ಆಮೇಲೆ ಇಲ್ಲಿಂದಲೇ ಇನ್ನೊಂದು ಗಾಡಿ ಹೊರಡಬೇಕು ಅಂದ್ರೆ? ಗುಂಡು ಆ ಕಡೆ ಕೂತಿದೆ. ಅಲ್ಲಿಂದ ಒಂದು ಗಾಡಿ ವಾಪಸ್ ಬರೋ ತನಕ ಕೂತಿರಬೇಕು. ಅದಕ್ಕೇ ಎರಡೂ ಕಡೆ ನಾಲ್ಕಾರು ಗುಂಡು, ಆದರೆ ಹೊರಗೆ ಇರೋದು ಒಂದೇ. ಸಾಫ್ಟ್‌ವೇರು ಬೇಕಿದ್ರೆ ಅಷ್ಟಕ್ಕೆ ಮಾತ್ರ ಇಟ್ಕೋ.

ಮಗಳು: ಆ ಕಡೆ ಸ್ಟೇಷನ್ ಮಾಸ್ಟರ್ ಯಾರು? ಇರೋದು ನಾವಿಬ್ಬರೇ. ನೀವು ಊರಿಗೆ ಹೋದ ಮೇಲೆ ನಾನೊಬ್ಬಳೇ.

ಚಿಕ್ಕಪ್ಪ: ಅದು ಕಷ್ಟ.

ಮಗಳು: ಇಂಗ್ಲೆಂಡಿನಲ್ಲಿ ಪೀಟರ್ ಡೆನಿ ಅಂತ ಒಬ್ಬ ಪಾದ್ರಿ ಇದ್ರು. ಬಕಿಂಗ್‌ಹ್ಯಾಮ್ ಅನ್ನೋ ಅವರ ಲೇಔಟ್ ಈ ಹವ್ಯಾಸದವರಿಗೆಲ್ಲ ಗೊತ್ತು. ಅಲ್ಲಿ ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಮಾತಾಡ್ತಿದ್ದದ್ದು ಗಂಟೆ ಹೊಡೆದು, ನಿಮ್ಮ ಬ್ಲಾಕ್ ಇನ್ಸ್ಟ್ರುಮೆಂಟಿನ ಹಾಗೇ. ಮಗ ಕ್ರಿಸ್ಪಿನ್ ಒಂದು ಕಡೆ ಕೂತು ಆಡಿಸ್ತಿದ್ದ. ಅವನು ಸಿಗದೆ ಹೋದಾಗ ಅಪ್ಪ ಒಂದು ಯಂತ್ರ ಕಟ್ಟಿದ್ರು. ಅದಕ್ಕೆ ಇಟ್ಟ ಹೆಸರು ಆಟೊಮ್ಯಾಟಿಕ್ ಕ್ರಿಸ್ಪಿನ್.

ಚಿಕ್ಕಪ್ಪ: ನಮ್ಮ ಕಾಲದಲ್ಲಿ ಅದೊಂದು ಸಿಕ್ಕಿದ್ರೆ ರಾತ್ರಿ ಪಾಳಿಗೆ ನಾನೇ ದುಡ್ಡು ಕೊಟ್ಟು ಕೊಂಡ್ಕೋತಿದ್ದೆ. ಅದಿರ್ಲಿ. ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ, ಹೇಳಿಬಿಡ್ತೀನಿ. ನಾವು ಇಷ್ಟೆಲ್ಲ ಕಾಯಿದೆ ಮಾಡಿಕೊಂಡಿದ್ದು ಜೀವಭಯಕ್ಕೆ. ಆ ಘಾಟಿ 50ಕ್ಕೆ 1ರ ಇಳಿಜಾರು. ಬ್ರೇಕು ತಪ್ಪಿ ಬಂದ ಗಾಡಿಯನ್ನ ಹಿಡಿಯೋಕೆ ಕ್ಯಾಚ್ ಸೈಡಿಂಗು, ಸ್ಟೇಷನ್ನಿಂದ ಜಾರಿದ್ದನ್ನ ತಡೆಯೋಕೆ ಸ್ಲಿಪ್ ಸೈಡಿಂಗು. ನಿನ್ನಲ್ಲಿ ಗಾಡಿ ಬಿದ್ರೆ ಎರಡು ಬೆರಳಲ್ಲಿ ಎತ್ತಿ ಹಳಿ ಮೇಲೆ ಇಡ್ತೀಯ. ಭಯವಿಲ್ಲದ ಮೇಲೆ ಆ ಕಾಯಿದೆಗೆ ಏನರ್ಥ?

ಮಗಳು: ಆ ಇಳಿಜಾರು ನನ್ನಲ್ಲೂ 50ಕ್ಕೆ 1ರದೇ. ಅದೊಂದನ್ನ ಕುಗ್ಗಿಸಬೇಕಾಗ್ಲಿಲ್ಲ. ಇಂಜಿನ್ನು ಗೇರಿನ ಹಿಡಿತಕ್ಕೆ ನಿಲ್ಲುತ್ತೆ, ಆದರೆ ವ್ಯಾಗನ್ ಬಿಚ್ಚಿದ್ರೆ ತಾನಾಗೇ ಉರುಳುತ್ತೆ. ನೋಡಿ… ಹೋಯ್ತು. ಆ ಬಾಗಿಲ ತುಂಡು ತೆಗೆದಿದ್ರೆ ನೆಲಕ್ಕೆ ನಾಲ್ಕಡಿ. ಅದರ ಮೈ ಕಟ್ಟೋಕೆ ಎಷ್ಟು ರಾತ್ರಿ ಕೂತಿದೀನಿ ಅಂತ ನನಗೆ ಗೊತ್ತು. ಜೀವಭಯ ಅಲ್ಲ, ಸರಿ. ಆದರೂ ಕೈ ನಡುಗುತ್ತೆ.

ಚಿಕ್ಕಪ್ಪ: ಹೂಂ. ಇಷ್ಟು ನಡುಗಿದ್ರೆ ಸಾಕು. ಮತ್ತೆ ವ್ಯಾಗನ್ ನಿಲ್ಲಿಸೋದು ಹೇಗೆ? ನಾವು ಚಕ್ರದಡಿ ಮರದ ಬೆಣೆ ಕೊಟ್ಟು, ಸರಪಳಿ ಸುತ್ತಿ ಬೀಗ ಹಾಕ್ತಿದ್ವಿ.

ಮಗಳು: ಹಲ್ಲುಜ್ಜೋ ಬ್ರಷ್ಷಿನ ಎರಡು ಕೂದಲು ಸ್ಲೀಪರುಗಳ ಮಧ್ಯೆ ನೆಟ್ಟಿದೀನಿ. ಅಚ್ಚಿಗೆ ತಾಗಿ ವ್ಯಾಗನ್ ನಿಲ್ಲುತ್ತೆ, ಇಂಜಿನ್ ಎಳೆದ್ರೆ ಬಾಗಿ ಬಿಡುತ್ತೆ.

ಚಿಕ್ಕಪ್ಪ: ಭೇಷ್. ಸರಿ, ಗಡಿಯಾರ ಚಾಲೂ ಮಾಡು. ನಾನು ಸ್ಟೇಷನ್ ಮಾಸ್ಟರ್. ನೀನು ಎರಡೂ ಗಾಡಿಯ ಡ್ರೈವರು, ಕಂಟ್ರೋಲರೂ ನೀನೇ. ಏನು ಬರ್ತಿದೆ?

ಮಗಳು: ಕೆಳಗಿಂದ ಗೂಡ್ಸು, ಮೇಲಿಂದ ಪ್ಯಾಸೆಂಜರು. ಗೂಡ್ಸ್ ಮೊದಲು ಬರುತ್ತೆ.

ಚಿಕ್ಕಪ್ಪ: ಎಷ್ಟು ವ್ಯಾಗನ್?

ಮಗಳು: ಏಳು.

ಚಿಕ್ಕಪ್ಪ: ಹಿಡಿಯೋದು ಆರು ಅಂತ ಈಗ ತಾನೇ ಅಳೆದಿದೀವಿ.

ಮಗಳು: ಆ ಗಾಡಿ ಕಟ್ಟಿದಾಗ ಲೂಪು ಎಂಟರದು ಅಂದುಕೊಂಡಿದ್ದೆನಲ್ಲ. ಒಂದು ವ್ಯಾಗನ್ ಕೈಯಲ್ಲಿ ಎತ್ತಿಬಿಡ್ಲಾ?

ಚಿಕ್ಕಪ್ಪ: ಕೈ ಹಾಕಬೇಡ! ಸೆಕ್ಷನ್ನಿನಲ್ಲಿರೋ ಗಾಡಿಗೆ ಆಕಾಶದಿಂದ ಕೈ ಬರುತ್ತಾ? ಬರ್ಲಿ ಒಳಗೆ. ಪ್ಯಾಸೆಂಜರಿಗೆ ಇನ್ನೂ ಲೈನ್ ಕ್ಲಿಯರ್ ಕೊಟ್ಟಿಲ್ಲ, ಅದು ಮೇಲೇ ಕಾಯ್ಲಿ. ಬ್ರೇಕ್ ವ್ಯಾನ್ ಬಿಚ್ಚಿ ಮೇನ್‌ಲೈನಲ್ಲಿ ನಿಲ್ಲಿಸು. ಮಿಕ್ಕಿದ್ದನ್ನ ಮುಂದಕ್ಕೆ ಎಳೆದುಕೋ… ಈಗ ಹಿಂದಕ್ಕೆ, ಗೂಡ್ಸ್ ಶೆಡ್ಡಿನ ಸೈಡಿಂಗಿಗೆ. ಕಡೇ ವ್ಯಾಗನ್ ಬಿಡು. ಅದು ಯಾವುದು?

ಮಗಳು: ನಾಟಾ. ಹಾಸನಕ್ಕೆ.

ಚಿಕ್ಕಪ್ಪ: ಬ್ರಷ್ಷಿನ ಕೂದಲಿಗೆ ತಾಗಿಸಿ ನಿಲ್ಲಿಸು. ವ್ಯಾನ್ ಸೇರಿಸಿಕೊಂಡು ಲೂಪಿಗೆ ಹಿಂದಕ್ಕೆ ತಳ್ಳು. ಎರಡೂ ಕಡೆ ಬಿಳೀ ಗುರುತಿನ ಒಳಗಿದೆಯಾ ನೋಡು.

ಮಗಳು: ಇದೆ. ಶಂಟಿಂಗಿಗೆ ಐದು ನಿಮಿಷ ಹಿಡೀತು. ಗೋಡೆ ಗಡಿಯಾರದಲ್ಲಿ ಅರ್ಧ ಗಂಟೆ ಹೋಗಿದೆ.

ಚಿಕ್ಕಪ್ಪ: ನಮಗೂ ಅಷ್ಟೇ ಹಿಡೀತಿತ್ತು. ಈಗ ಕೊಟ್ಟೆ ಪ್ಯಾಸೆಂಜರಿಗೆ ಲೈನ್ ಕ್ಲಿಯರ್… ಬಂತು. ಹೋಯ್ತು. ಸುಬ್ರಹ್ಮಣ್ಯಕ್ಕೆ ಅರ್ಧ ಗಂಟೆ ಲೇಟು, ಕಾರಣ ಅಂತ ರಿಜಿಸ್ಟರಿನಲ್ಲಿ ನನ್ನ ಸ್ಟೇಷನ್ನಿನ ಹೆಸರೇ ಬರುತ್ತೆ. ಗೂಡ್ಸಿಗೆ ಸ್ಟಾರ್ಟರ್ ಸಿಗ್ನಲ್ ಬೀಳಿಸಿದೀನಿ, ಹೊರಡು.

ಮಗಳು: ನಾಟಾ ವ್ಯಾಗನ್ ಸೇರಿಸಿಕೊಳ್ಳೋದು ಬೇಡವಾ?

ಚಿಕ್ಕಪ್ಪ: ಅದಕ್ಕೆ ಇನ್ನೊಂದು ಅರ್ಧ ಗಂಟೆ ಬೇಕು. ಹಿಂದೆ ಬೇರೆ ಗಾಡಿ ಕಾಯ್ತಿಲ್ವಾ? ನಾಳೆ ಗೂಡ್ಸಿಗೆ ಹೋಗುತ್ತೆ.

ಮಗಳು: ನನ್ನ ಟೈಂಟೇಬಲ್ಲಿನಲ್ಲಿ ನಾಳೆ ಅನ್ನೋದು ಇಲ್ಲವಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ಇದ್ದೇ ಇರಬೇಕು, ವ್ಯಾಗನ್ ನಿಂತಿದೆಯಲ್ಲ. ಒಂದು ನೋಟ್‌ಬುಕ್ ಕೊಡು, ಬರೆದಿಡ್ತೀನಿ. ನಾಳೆ ಬೆಳಗ್ಗೆ ನನಗೆ ಬ್ಯಾಂಕಿನ ಕೆಲಸ ಇದೆ, ಹನ್ನೊಂದಕ್ಕೆ ಬರ್ತೀನಿ. ಅಲ್ಲೀವರೆಗೆ ಅದನ್ನ ಮುಟ್ಟಬೇಡ.